ಎಂಟಕ್ಕೆ ಎಂಟು

ಡ್ರೈವರ್ ಬಡಾಯಿಯ ತಲೆ ನೆಲಕ್ಕೆ ಬಡಿದ ದಿನ ಬಿರುಕು ಬಿಟ್ಟದ್ದು ನೆಲವೇ ಹೊರತು ತಲೆಯಲ್ಲ. ಆ ಬಿರುಕು ಬಸ್ ಡಿಪೋದಿಂದ ಹೊರಟು, ಮಾರುಕಟ್ಟೆ ದಾಟಿ, ಪೊಲೀಸ್ ಠಾಣೆಯನ್ನು ಮರ್ಯಾದೆಯಿಂದ ಬಲಕ್ಕೆ ಬಿಟ್ಟು, ನೆಟ್ಟಗೆ ಸಮುದ್ರಕ್ಕೆ ಹೋಗಿ ಒಂದು ಹಡಗನ್ನು ನುಂಗಿ ನೀರು ಕುಡಿಯಿತು. ಹಡಗಿನ ಕ್ಯಾಪ್ಟನ್ ಒದ್ದೆ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದು, "ಸ್ವಾಮಿ, ಇನ್ನೊಂದು ಸಲ ಬೀಳೋದಿದ್ರೆ ಮೊದಲೇ ಹೇಳಿ ಕಳಿಸಿ" ಎಂದು ಕೈಮುಗಿದ.

ಇದು ಬಡಾಯಿಯದೇ ಹೇಳಿಕೆ. ನಂಬದವರ ಹೊಟ್ಟೆ ತಣ್ಣಗಿರಲಿ. ನಡೆದದ್ದು ಇಷ್ಟೇ: ಡಿಪೋದಲ್ಲಿ ಬಸ್ ತೊಳೆಯುವ ಕಟ್ಟೆಯ ಮೇಲೆ ಸೋಪಿನ ನೀರಿಗೆ ಕಾಲಿಟ್ಟು ಅಂಗಾತ ಬಿದ್ದ. ಹಿಂದಲೆ ಸಿಮೆಂಟಿಗೆ ತಾಗಿತು. ಒಳಗಿದ್ದ ಮಿದುಳು ಗಡಿಗೆಯೊಳಗಿನ ಬೆಣ್ಣೆಮುದ್ದೆಯಂತೆ ಮುಂದಕ್ಕೆ ಚಿಮ್ಮಿ, ಹಣೆಯ ಮೂಳೆಗೆ ಅಪ್ಪಳಿಸಿ ಜಜ್ಜಿಹೋಯಿತು. ಪೆಟ್ಟು ಹಿಂದೆ, ಗಾಯ ಮುಂದೆ. ಇಷ್ಟು ವರ್ಷ ಬಸ್ಸು ಓಡಿಸಿ ಒಂದು ಕೋಳಿಯ ಪುಕ್ಕವನ್ನೂ ಕೊಂಕಿಸದ ಡ್ರೈವರು, ನಿಂತ ಬಸ್ಸಿನ ಪಕ್ಕದಲ್ಲಿ ಹೀಗೆ ಮಣ್ಣುಮುಕ್ಕಿದ.

ಅವನ ಹೆಂಡತಿ ಟೈಲರ್. ಅವನು ಪ್ರಜ್ಞೆಯಿಲ್ಲದೆ ಮಲಗಿದ್ದಷ್ಟು ಕಾಲ ಅವಳು ಐಸಿಯು ಬಾಗಿಲ ಮುಂದೆ ಕೂತು ಸುರಿಸಿದ ಕಣ್ಣೀರನ್ನು ಕೊಡದಲ್ಲಿ ಹಿಡಿದಿದ್ದರೆ, ಡಿಪೋದ ಬಸ್ಸುಗಳನ್ನೆಲ್ಲ ಎರಡೆರಡು ಸಲ ತೊಳೆಯಬಹುದಿತ್ತು. ಕೊನೆಗೊಂದು ಬೆಳಿಗ್ಗೆ ಅವನು ಕಣ್ಣುಬಿಟ್ಟ. ಗಂಟಲಿನ ನಳಿಗೆ ತೆಗೆದ ಮೇಲೆ ನರ್ಸ್ ಬಗ್ಗಿ, "ಎಲ್ಲಿದ್ದೀರಿ, ಗೊತ್ತಾಗ್ತಿದೆಯಾ?" ಎಂದು ಕೇಳಿದಳು.

"ಗೊತ್ತಾಗದೆ ಏನು? ನನ್ನದೇ ಹೋಟೆಲು. ಮೇಲಿನ ಮೂರು ಮಹಡಿ ಬಾಡಿಗೆಗೆ ಕೊಟ್ಟಿದ್ದೀನಿ."

ಹೆಂಡತಿ ಅಳುತ್ತಲೇ ನಕ್ಕಳು. ಡ್ರೈವರುಗಳು ಅವನಿಗೆ ಬಡಾಯಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲವಲ್ಲ! ಸುತ್ತು ಹಾಕಲು ಬಂದಿದ್ದ ದೊಡ್ಡ ಡಾಕ್ಟರ ಎರಡೂ ಕೈ ಹಿಡಿದುಕೊಂಡು, "ಬಂದ್ರು ಡಾಕ್ಟ್ರೇ, ನಮ್ಮವರು ವಾಪಸ್ ಬಂದ್ರು!" ಎಂದಳು. ದೊಡ್ಡ ಡಾಕ್ಟರೆಂದರೆ ಆ ತಲೆಯನ್ನು ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದು, ಮತ್ತೆ ಮುಚ್ಚಿದವರು. ಅವರು ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

ಆ ಒಂದು ಮಾತನ್ನು ವಾಪಸ್ ತೆಗೆದುಕೊಳ್ಳಬೇಕಲ್ಲ ಎಂದುಕೊಳ್ಳುತ್ತಲೇ ಅವಳು ಇವತ್ತು ಮೆಡಿಕಲ್ ಕಾಲೇಜಿನ ಸಭಾಂಗಣಕ್ಕೆ ಬಂದಿದ್ದಳು.

ಕಲಿತು ಮುಗಿಸಿದ ಡಾಕ್ಟರುಗಳು ಮತ್ತೆ ಕಲಿಯುವ ದಿನವಂತೆ ಅದು. ತಲೆಗೆ ಪೆಟ್ಟು ಬಿದ್ದವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಪಾಠ. ಕೂತು ಕೇಳಿದವರಿಗೆ ಅಂಕ; ಅಂಕ ಸೇರದಿದ್ದರೆ ಡಾಕ್ಟರಿಕೆಯ ನೋಂದಣಿ ಮುಂದುವರಿಯುವುದಿಲ್ಲ. ಆದ್ದರಿಂದ ಬಾಗಿಲಲ್ಲಿ ಬೆರಳೊತ್ತಿ ಹಾಜರಿ ಹಾಕಲು ಇದ್ದ ನೂಕುನುಗ್ಗಲು ಒಳಗೆ ಕೂರಲು ಇರಲಿಲ್ಲ. ಒಳಗಿನ ಎಸಿಯ ಚಳಿ ಎಂಥದೆಂದರೆ, ದಾರಿತಪ್ಪಿ ಬಂದ ನೊಣವೊಂದು ಹಿಂದಿನ ಸಾಲಿನಲ್ಲಿ ಮಲಗಿದ್ದ ಡಾಕ್ಟರೊಬ್ಬರ ಕೋಟಿನ ಜೇಬಿಗೆ ನುಗ್ಗಿ ಮತ್ತೆ ಹೊರಗೆ ಬರಲೇ ಇಲ್ಲ. ಆ ಡಾಕ್ಟರೂ ಏಳಲಿಲ್ಲ.

ಬಡಾಯಿ ಅಂದಿನ ವಿಶೇಷ. ದೊಡ್ಡ ಡಾಕ್ಟರು ಭಾಷಣದ ಕೊನೆಗೆ ಅವನನ್ನು ವೇದಿಕೆಗೆ ಕರೆದು, ಎಲ್ಲರಿಗೂ ತೋರಿಸಿ, ಬಸ್ಸು ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟನ್ನು ಅಲ್ಲಿಯೇ ಕೈಗೆ ಕೊಡುವವರಿದ್ದರು. ಡಿಪೋದಲ್ಲಿ ಡ್ರೈವರುಗಳ ಬರ. ಸೋಮವಾರದ ಮೊದಲ ಟ್ರಿಪ್ಪು ನಿಮ್ಮದೇ ಎಂದು ಮ್ಯಾನೇಜರು ಆಗಲೇ ಹೇಳಿಬಿಟ್ಟಿದ್ದರು. ಆ ಸೋಮವಾರ ಬರದಿರಲಿ ಎಂದು ಹೆಂಡತಿ ದಿನ ಎಣಿಸುತ್ತಿದ್ದಳು.

ಕಾರ್ಯಕ್ರಮ ಶುರುವಾಗುವ ಮುಂಚೆ ಕಾರಿಡಾರಿನಲ್ಲಿ ಅವಳು ದೊಡ್ಡ ಡಾಕ್ಟರನ್ನು ಹಿಡಿದಳು. ಹಿಡಿದಳು ಎಂದರೆ, ಅವರು ಟೈ ಸರಿಮಾಡಿಕೊಳ್ಳುತ್ತ ಮುಂದೆ ಮುಂದೆ, ಇವಳು ಚಪ್ಪಲಿ ಎಳೆಯುತ್ತ ಹಿಂದೆ ಹಿಂದೆ.

"ಡಾಕ್ಟ್ರೇ, ಒಂದು ಮಾತಿತ್ತು. ಅವರು ಸರಿಯಿಲ್ಲ."

"ಯಾರಮ್ಮ, ಮೈಕ್‌ನವರಾ?"

"ನಮ್ಮವರು."

ದೊಡ್ಡ ಡಾಕ್ಟರು ನಿಂತರು. "ಏನಾಯ್ತು? ತಲೆನೋವಾ? ಫಿಟ್ಸ್ ಬಂತಾ?"

"ಇಲ್ಲ."

"ಕೈಕಾಲಲ್ಲಿ ಶಕ್ತಿ?"

"ಗಟ್ಟಿಮುಟ್ಟಾಗಿದ್ದಾರೆ."

"ಊಟ, ನಿದ್ದೆ?"

"ನನ್ನ ಪಾಲಿಂದೂ ಅವರೇ ತಿಂತಾರೆ, ನನ್ನ ಪಾಲಿಂದೂ ಅವರೇ ಮಲಗ್ತಾರೆ."

"ಮತ್ತೇನಮ್ಮ!" ಅವರು ನಕ್ಕು ಮತ್ತೆ ನಡೆದರು. "ಗಂಡಸು ಮನೇಲಿ ಕೂತ್ರೆ ಯಾವ ಹೆಂಗಸಿಗೂ ಸರಿ ಕಾಣಲ್ಲ. ನನ್ನ ಹೆಂಡತಿಯನ್ನ ಕೇಳಿ ನೋಡು, ಭಾನುವಾರ ಬಂದ್ರೆ ನಾನೂ ಸರಿಯಿರಲ್ಲ. ಸೋಮವಾರ ಬಸ್ ಹತ್ತಲಿ, ಎಲ್ಲಾ ನೆಟ್ಟಗಾಗುತ್ತೆ."

"ಆ ಬಸ್ಸಿಗೇ ಡಾಕ್ಟ್ರೇ ನನಗೆ..."

ಅಷ್ಟರಲ್ಲಿ ಯಾರೋ ಬಂದು "ಸರ್, ಸ್ಲೈಡು ತೆರೀತಿಲ್ಲ" ಎಂದರು. ಸ್ಲೈಡಿನ ಮುಂದೆ ಹೆಂಡತಿ ಯಾವ ಲೆಕ್ಕ! ದೊಡ್ಡ ಡಾಕ್ಟರು ಓಡಿದರು.

ಅವಳು ಹೋಗಿ ಮೊದಲ ಸಾಲಿನಲ್ಲಿ ಗಂಡನ ಪಕ್ಕ ಕೂತಳು. ಅವನು ಹೊಸ ಷರ್ಟು ಹಾಕಿ ಮದುವೆ ಗಂಡಿನಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವಳೇ ಹೊಲಿದ ಷರ್ಟು. ಮೊದಲಿನ ಅಳತೆಯಲ್ಲೇ ಕತ್ತರಿಸಿದ್ದಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಿರಲಿಲ್ಲ. ಮೈಯ ಅಳತೆಯೇನೋ ಹಾಗೇ ಇತ್ತು.

"ಏನಂದ್ರು ಡಾಕ್ಟ್ರು?" ಎಂದ.

"ಏನಿಲ್ಲ."

"ನನ್ನ ಕೇಳಿಯೇ ಭಾಷಣ ಶುರುಮಾಡ್ತಾರಂತಾ?"

"ಹ್ಞೂಂ."

"ಮಾಡ್ಲಿ ಬಿಡು, ಪಾಪ. ಕಲೀಲಿ."

ದೊಡ್ಡ ಡಾಕ್ಟರು ದಡ್ಡರಲ್ಲ, ಅದನ್ನು ಮಾತ್ರ ಯಾರೂ ಹೇಳಬಾರದು. ಅವರು ಬಾಯಿ ತೆರೆದರೆ ಗೋಡೆಯ ಇಟ್ಟಿಗೆಗಳೂ ಕತ್ತು ಹೊರಗೆ ಹಾಕಿ ಕೇಳುತ್ತಿದ್ದವು. ಪೆಟ್ಟು ಬಿದ್ದ ತಲೆಗೆ ಮೊದಲು ಬೇಕಾದ್ದು ಔಷಧಿಯಲ್ಲ, ಉಸಿರು ಮತ್ತು ರಕ್ತದೊತ್ತಡ ಎಂದರು. ಒಂದೇ ಒಂದು ಸಲ ರಕ್ತದೊತ್ತಡ ಕುಸಿದರೂ ಮಿದುಳು ಆ ಸೇಡನ್ನು ಕೊನೆಯವರೆಗೂ ತೀರಿಸಿಕೊಳ್ಳುತ್ತದೆ ಎಂದರು. ತೊದಲುತ್ತಿದ್ದಾನೆ, ಕುಡಿದಿರಬೇಕು ಎಂದು ಯಾರನ್ನೂ ಮೂಲೆಗೆ ಹಾಕಬೇಡಿ, ಕಣ್ಣಿನ ಪಾಪೆಯನ್ನು ಮತ್ತೆ ಮತ್ತೆ ನೋಡಿ, ಒಮ್ಮೆ ಮಾತಾಡಿದವನು ಆಮೇಲೆ ಸಾಯಲಾರ ಎಂದು ಮೈಮರೆಯಬೇಡಿ ಎಂದರು. ಹೆಂಡತಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಈ ಮನುಷ್ಯನ ಕೈ ಇಲ್ಲದಿದ್ದರೆ ತಾನಿಂದು ವಿಧವೆ ಎಂಬುದು ಮಾತ್ರ ಪೂರ್ತಿ ಗೊತ್ತಿತ್ತು. ಬೈಯಬೇಕಾದವರಿಗೇ ಋಣಿಯಾಗಿರುವುದು ಇದೆಯಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಂಡ ಸೂಜಿ. ನುಂಗಲೂ ಆಗದು, ಉಗುಳಲೂ ಆಗದು.

ಆಮೇಲೆ ಪರದೆಯ ಮೇಲೆ ಅವಳ ಗಂಡನ ತಲೆ ಬಂತು. ಸ್ಕ್ಯಾನಿನ ಬೂದು ಚಿತ್ರ, ಹಣೆಯ ಕಡೆ ಬಿಳಿಯ ಮಚ್ಚೆಗಳು. ಬಡಾಯಿ ಮೊಣಕೈಯಿಂದ ತಿವಿದು, "ನೋಡಿದೆಯಾ, ಎಷ್ಟು ದೊಡ್ಡದು!" ಎಂದ.

"ಇಷ್ಟೆಲ್ಲ ಆದ ಮೇಲೂ," ಎಂದು ದೊಡ್ಡ ಡಾಕ್ಟರು ಧ್ವನಿ ಏರಿಸಿದರು, "ಆರು ತಿಂಗಳ ನಂತರ ಈ ರೋಗಿಯ ಚೇತರಿಕೆಯ ಮಟ್ಟ ಎಷ್ಟು? ಎಂಟಕ್ಕೆ ಎಂಟು! ಇದಕ್ಕಿಂತ ಮೇಲೆ ಮೆಟ್ಟಿಲೇ ಇಲ್ಲ. ಬನ್ನಿ ಇವರೇ, ಎಲ್ಲರೂ ನಿಮ್ಮ ಬಾಯಿಂದಲೇ ಕೇಳಲಿ. ಅಮ್ಮಾ, ನೀನೂ ಬಾ."

ಬಡಾಯಿ ವೇದಿಕೆಯನ್ನು ಹತ್ತಲಿಲ್ಲ, ಏರಿದ. ಯಾರೋ ಹೂಗುಚ್ಛ ಕೊಟ್ಟರು. ಹೆಂಡತಿ ಒಂದು ಹೆಜ್ಜೆ ಹಿಂದೆ ನಿಂತಳು.

"ಹೇಗಿದ್ದೀರಿ?" ಎಂದರು ದೊಡ್ಡ ಡಾಕ್ಟರು.

"ಹೇಗಿದ್ದೀನಿ ಅಂದ್ರೆ ಡಾಕ್ಟ್ರೇ, ನೀವು ತಲೆ ತೆರೆದಾಗ ಒಳಗಿದ್ದ ಬುದ್ಧಿ ಉಕ್ಕಿ ಚೆಲ್ಲಿಬಿಡ್ತು. ನೆಲದ ಮೇಲೆ ಬಿದ್ದದ್ದನ್ನ ಬಳಿದು ಪಕ್ಕದ ಬೆಡ್‌ನವನಿಗೆ ಹಾಕಿದ್ರಿ. ಅವನೀಗ ಜಡ್ಜು!"

ಸಭಾಂಗಣ ಬಿರಿಯುವಷ್ಟು ನಕ್ಕಿತು. ಕೋಟಿನ ಜೇಬಿನಲ್ಲಿದ್ದ ನೊಣಕ್ಕೂ ಎಚ್ಚರವಾಗಿರಬೇಕು. "ಹಾಸ್ಯಪ್ರಜ್ಞೆ ಕೂಡ ಪೂರ್ತಿ ಉಳಿದಿದೆ, ಗಮನಿಸಿ," ಎಂದರು ದೊಡ್ಡ ಡಾಕ್ಟರು.

ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು. ದಪ್ಪ ಕನ್ನಡಕದ ಡಾಕ್ಟರಮ್ಮ, ಬೇರೆ ಊರಿನ ಸಣ್ಣ ಆಸ್ಪತ್ರೆಯವರು.

"ಸರ್, ಈ ಎಂಟು ಹೇಗೆ ಬಂತು? ಯಾರನ್ನ ಕೇಳಿದ್ರಿ?"

"ನಮ್ಮ ಜೂನಿಯರ್ ಫೋನ್ ಮಾಡಿ, ಪದ್ಧತಿ ಪ್ರಕಾರ ಎಲ್ಲಾ ಪ್ರಶ್ನೆ ಕೇಳಿದ್ದಾರೆ. ಒಬ್ಬರೇ ಅಂಗಡಿಗೆ ಹೋಗ್ತೀರಾ, ಮೊದಲಿನ ಕೆಲಸ ಮಾಡಬಲ್ಲಿರಾ, ಮನೇಲಿ ಎಲ್ಲರ ಜೊತೆ ಹೊಂದಿಕೊಂಡಿದ್ದೀರಾ..."

"ಕೇಳಿದ್ದು ಇವರನ್ನೇನಾ?"

"ರೋಗಿಯೇ ಇಷ್ಟು ಚೆನ್ನಾಗಿ ಮಾತಾಡುವಾಗ ಬೇರೆಯವರನ್ನ ಯಾಕೆ ಕೇಳಬೇಕು?"

"ಗಾಯ ಮಿದುಳಿನ ಹಣೆಯ ಭಾಗಕ್ಕೆ ಆಗಿದೆಯಲ್ಲ ಸರ್. ಅಂಥವರಿಗೆ ತಮ್ಮ ಕೊರತೆ ತಮಗೇ ಕಾಣಲ್ಲ. ಅದಕ್ಕೇ ಮನೆಯವರನ್ನೂ ಕೇಳಬೇಕು ಅನ್ನೋದು."

ಆ ಫೋನು ಬಂದಾಗ ಹೆಂಡತಿ ಅದೇ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಅವನು ಒಂದೊಂದಕ್ಕೂ "ಹೌದು, ಮೊದಲಿಗಿಂತ ಮೇಲು" ಎನ್ನುವುದನ್ನು ಕೇಳಿಸಿಕೊಂಡಿದ್ದಳು. ಹೇಳಲಿ ಬಿಡು, ಸಂತೋಷವಾಗಿದ್ದಾರಲ್ಲ ಎಂದು ಯಂತ್ರ ತುಳಿಯುತ್ತ ಸುಮ್ಮನಿದ್ದಳು.

ಡಾಕ್ಟರಮ್ಮ ಮೈಕು ಹಿಡಿದು ಬಡಾಯಿಯ ಕಡೆ ತಿರುಗಿದರು. "ಯಜಮಾನರೇ, ನನ್ನ ಗುರುತು ಸಿಕ್ತಾ?"

"ಸಿಗದೆ ಏನು ಮೇಡಂ! ನಿಮ್ಮ ಮದುವೆ ದಿಬ್ಬಣ ನನ್ನ ಬಸ್ಸಲ್ಲೇ ಹೋಗಿದ್ದು. ಸೇತುವೆ ಕುಸಿದಿತ್ತು. ನಾನು ಬಸ್ಸನ್ನ ಎರಡು ಚಕ್ರದ ಮೇಲೆ ಓಡಿಸಿ ನದಿ ದಾಟಿಸಿದೆ. ನಿಮ್ಮ ಮಾವನವರು ಆಗ ನನ್ನ ಕೈಗೆ ಒಂದು ವಾಚು ಕಟ್ಟಿದ್ರು."

ಮತ್ತೆ ನಗು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ನಾನು ಈ ಊರಿಗೆ ಬಂದಿದ್ದು ಇವತ್ತು ಬೆಳಿಗ್ಗೆ. ಮದುವೆ ನನಗಿನ್ನೂ ಆಗಿಲ್ಲ."

"ಆಗುತ್ತೆ, ಬೇಸರ ಮಾಡ್ಕೋಬೇಡಿ," ಎಂದ ಬಡಾಯಿ. ಈ ಸಲ ಚಪ್ಪಾಳೆಯೂ ಬಿತ್ತು.

ದೊಡ್ಡ ಡಾಕ್ಟರು ಕೈಯೆತ್ತಿ ಗದ್ದಲ ಅಡಗಿಸಿದರು. "ಡಾಕ್ಟರ್, ನಿಮ್ಮ ಅನುಮಾನ ಪುಸ್ತಕದ ಪ್ರಕಾರ ಸರಿ. ಆದ್ರೆ ಇವರನ್ನ ಡಿಪೋದಲ್ಲಿ ಕರೆಯೋದೇ ಬಡಾಯಿ ಅಂತ. ಇದು ಪೆಟ್ಟಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಬೇಕಾದ್ರೆ ಮನೆಯವರನ್ನೇ ಕೇಳೋಣ. ಅಮ್ಮಾ, ಮೊದಲೂ ಹೀಗೇ ಸುಳ್ಳು ಹೇಳ್ತಿದ್ರು ತಾನೆ?"

ಮೈಕು ಅವಳ ಬಾಯಿಯ ಹತ್ತಿರ ಬಂತು. ಅವಳು ಗಂಡನ ಷರ್ಟಿನ ಹೊಲಿಗೆ ನೋಡಿದಳು, ದೊಡ್ಡ ಡಾಕ್ಟರ ಕೈಯಲ್ಲಿದ್ದ ಸರ್ಟಿಫಿಕೇಟು ನೋಡಿದಳು. ಹೌದು ಎಂದರೆ ಮುಗಿಯಿತು, ಸೋಮವಾರ ಬಸ್ಸು. ಇಲ್ಲ ಎಂದರೆ ಹಸಿ ಸುಳ್ಳು.

"ಮೊದಲು ಸುಳ್ಳು ಹೇಳ್ತಿದ್ರು," ಎಂದಳು. "ಈಗ ಹೇಳ್ತಿಲ್ಲ."

"ಕೇಳಿದ್ರಾ!" ದೊಡ್ಡ ಡಾಕ್ಟರು ಸಭೆಯ ಕಡೆ ತಿರುಗಿ ಕೈಚಾಚಿದರು. "ಮೊದಲಿಗಿಂತ ಸುಧಾರಿಸಿದ್ದಾರೆ! ಎಂಟಕ್ಕೆ ಒಂಬತ್ತು ಕೊಡಬೇಕು."

ಊಟದ ಹೊತ್ತು ಹತ್ತಿರವಾಗಿದ್ದರಿಂದ ಜನ ಧಾರಾಳವಾಗಿ ನಕ್ಕರು.

"ಹಾಗಲ್ಲ ಡಾಕ್ಟ್ರೇ." ಅವಳ ಧ್ವನಿ ಮೈಕಿನಲ್ಲಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಮೊದಲು ಸುಳ್ಳು ಹೇಳುವಾಗ ನನ್ನ ಕಡೆ ನೋಡ್ತಿದ್ರು, ನಾನು ನಗ್ತೀನಾ ಇಲ್ಲವಾ ಅಂತ. ಅದು ಸುಳ್ಳು ಅಂತ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಾಕು ನಿಲ್ಲಿಸ್ರೀ ಅಂದ್ರೆ ನಿಲ್ಲಿಸ್ತಿದ್ರು. ಈಗ ನೋಡಲ್ಲ. ಈಗ ಅವರಿಗೆ ಅದು ನಿಜ. ನಿಜ ಹೇಳೋನನ್ನ ಸಾಕು ಅಂತ ಹೇಗೆ ನಿಲ್ಲಿಸ್ಲಿ?"

"ನೋಡಮ್ಮ, ಅದನ್ನೆಲ್ಲ ಆಮೇಲೆ..."

"ಹೋದ ವಾರ ಅತ್ತೆಗೆ ಕಣ್ಣಿನ ಆಪರೇಷನ್ ಆಯ್ತು. ಕರ್ಕೊಂಡು ಬನ್ನಿ ಅಂತ ಇವರನ್ನ ಕಳಿಸಿದೆ. ಇವರೊಬ್ಬರೇ ಬಂದ್ರು. ಅಮ್ಮ ಎಲ್ಲಿ ಅಂದ್ರೆ, ಅಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಮಂತ್ರಿಗಳೇ ಕಾರಲ್ಲಿ ಬಿಡ್ತಾರೆ ಅಂದ್ರು. ಹಾಗಂದು ಊಟಕ್ಕೆ ಕೂತ್ರು. ನಾನು ಹೋದಾಗ ಕಣ್ಣಾಸ್ಪತ್ರೆ ಬಾಗಿಲು ಹಾಕಿದ್ರು. ಹೊರಗೆ ಬೆಂಚಿನ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅತ್ತೆ ದಾರಿಯ ಕಡೆ ಮುಖ ಮಾಡಿ ಕೂತಿದ್ರು. ನನ್ನ ಹೆಜ್ಜೆ ಸದ್ದು ಕೇಳಿ, 'ಬಂದೆಯಾ ಮಗನೇ' ಅಂದ್ರು."

ಈ ಸಲ ಯಾರೂ ನಗಲಿಲ್ಲ. ಮಲಗಿದ್ದ ಡಾಕ್ಟರೂ ಎದ್ದು ಕೂತರು. ಹೆಂಡತಿಗೆ ತಾನೇನು ಮಾಡಿದೆ ಎಂಬುದು ಆಗ ತಿಳಿಯಿತು. ಕಟ್ಟಿಕೊಂಡ ಗಂಡನನ್ನು ಇಷ್ಟು ಜನರ ಮುಂದೆ ಹೊಲಿಗೆ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ತೋರಿಸಿದ್ದಳು.

ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಮನೆಯವರ ಆತಂಕ ಸಹಜ. ಆರೈಕೆ ಮಾಡೋರಿಗೆ ಬರೋ ಆಯಾಸದ ಬಗ್ಗೆ ಮಧ್ಯಾಹ್ನ ಬೇರೆಯೇ ಉಪನ್ಯಾಸ ಇದೆ. ಈಗ..."

"ಅಮ್ಮನಿಗೆ ಸನ್ಮಾನ ಆಗಿದ್ದು ನಿಜ," ಎಂದ ಬಡಾಯಿ. ಮೈಕು ಈಗ ಅವನ ಕೈಯಲ್ಲಿತ್ತು. "ದೊಡ್ಡ ಪೆಂಡಾಲು. ಬ್ಯಾಂಡಿನವರು. ಅಮ್ಮನ ತೂಕದಷ್ಟು..."

ಅಲ್ಲಿಗೆ ನಿಂತ. ಅಮ್ಮನ ತೂಕದಷ್ಟು ಏನು ಎಂಬುದು ಹೊರಗೆ ಬರಲಿಲ್ಲ.

"ಪೆಂಡಾಲಿನ ಬಣ್ಣ ಯಾವುದು ಯಜಮಾನರೇ?" ಎಂದು ಕೇಳಿದರು ಡಾಕ್ಟರಮ್ಮ, ಮೆತ್ತಗೆ.

ಬಡಾಯಿ ಹೂಗುಚ್ಛವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಹಣೆಯ ಮೇಲೆ, ಮೂಳೆ ಕೂಡಿದ ಗೆರೆಯ ಉದ್ದಕ್ಕೂ ಬೆವರು ಮೂಡಿತು, ಅಂಥ ಚಳಿಯಲ್ಲಿ. ಹೆಂಡತಿ, "ಸಾಕು, ಬನ್ನಿ ಹೋಗೋಣ" ಎಂದು ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

"ಇವಳು ಹೇಳಿದ್ದು ತಪ್ಪು," ಎಂದ. "ನಿಜ ಅಂದುಕೊಂಡು ಹೇಳ್ತಾರೆ ಅಂದಳಲ್ಲ, ಅದು. ನಾನು ಈಗಲೂ ಸುಳ್ಳೇ ಹೇಳ್ತಿರೋದು."

"ನೋಡಿ!" ದೊಡ್ಡ ಡಾಕ್ಟರು ಬೆರಳೆತ್ತಿದರು. "ತನ್ನ ಸ್ಥಿತಿಯ ಅರಿವು ಪೂರ್ತಿ ಇದೆ. ಇದಕ್ಕಿಂತ ಸಾಕ್ಷಿ..."

"ಸ್ವಲ್ಪ ಸುಮ್ಮನಿರಿ ಡಾಕ್ಟ್ರೇ, ಮರೆತುಹೋಗುತ್ತೆ," ಎಂದ ಬಡಾಯಿ. ಅಷ್ಟು ದೊಡ್ಡ ಡಾಕ್ಟರಿಗೆ ಅಷ್ಟು ಸಣ್ಣ ಧ್ವನಿಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ; ಅವರು ಎತ್ತಿದ ಬೆರಳು ಇಳಿಸಿದರು.

"ಯಾರಾದ್ರೂ ಏನಾದ್ರೂ ಕೇಳಿದ್ರೆ ಒಳಗೆ ಹೋಗಿ ನೋಡ್ತೀನಿ. ಏನೂ ಇರಲ್ಲ. ಬರೀ ಗೋಡೆ. ಕೇಳಿದವರು ಎದುರಿಗೇ ನಿಂತಿರ್ತಾರೆ. ಏನೂ ಇಲ್ಲ ಅಂದ್ರೆ ಮತ್ತೆ ಆ ಆಸ್ಪತ್ರೆ ಮಂಚದ ಮೇಲೆ ಮಲಗಿಸ್ತಾರೆ ಅಂತ ಹೆದರಿಕೆ. ಬಾಯಿ ತೆಗೀತೀನಿ, ಏನೋ ಬರುತ್ತೆ. ಜನ ನಗ್ತಾರೆ. ನಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳಲ್ಲ. ಫೋನ್ ಮಾಡಿದ ಹುಡುಗಿಗೂ ಹಾಗೇ ಹೇಳಿದೆ. ಅಮ್ಮನ್ನ ನಾನು ಬೆಂಚಿನ ಮೇಲೆ ಬಿಟ್ಟು ಬಂದೆ ಅಂತ ಇವಳು ಹೇಳ್ತಾಳೆ. ಇರಬಹುದು. ಕಣ್ಣಾಸ್ಪತ್ರೆಗೆ ಹೋದದ್ದೇ ನನಗೆ ಗೊತ್ತಿಲ್ಲ. ಮನೆ ಬಾಗಿಲಲ್ಲಿ ಇವಳ ಮುಖ ನೋಡಿದೆ, ಏನೋ ದೊಡ್ಡ ತಪ್ಪಾಗಿದೆ ಅಂತ ಮಾತ್ರ ಗೊತ್ತಾಯ್ತು. ಅದಕ್ಕೆ ಮಂತ್ರಿಯನ್ನ ಕರೆಸಿದೆ."

ಸರ್ಟಿಫಿಕೇಟು ಇನ್ನೂ ದೊಡ್ಡ ಡಾಕ್ಟರ ಕೈಯಲ್ಲೇ ಇತ್ತು. ಬಡಾಯಿ ಅದರತ್ತ ನೋಡಿ ತಲೆಯಾಡಿಸಿದ.

"ಅದು ಬೇಡ ಡಾಕ್ಟ್ರೇ. ಬಸ್ಸು ಓಡಿಸೋದು ನನ್ನ ಕೈಕಾಲಿಗೆ ಗೊತ್ತು, ಅದರಲ್ಲಿ ಸುಳ್ಳಿಲ್ಲ. ಆದ್ರೆ ಮಧ್ಯ ದಾರೀಲಿ, ಎಲ್ಲಿಗೆ ಹೊರಟೆ ಅಂತ ಒಳಗೆ ಹೋಗಿ ನೋಡಿದಾಗ ಏನೂ ಇಲ್ಲದಿದ್ರೆ, ಹಿಂದೆ ಕೂತವರಿಗೆ ನಾನು ಏನು ಕಥೆ ಹೇಳ್ಲಿ?"